ಪ್ರೇಮಕವಿಯ ನುಡಿಯೂ ಮನೆಯೂ: ಸೂರತ್ತಿನ ನರ್ಮದನನ್ನು ಕುರಿತು

ಕನ್ನಡದಲ್ಲಿ ‘ಭ್ರಮನಿರಸನ’ ಎಂಬ ಮಾತು ಇಂದು ನಿರಾಸೆ ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಕೆಯಲ್ಲಿದ್ದರೂ ಅದರ ಮೂಲಾರ್ಥ ಬೇರೆ. ಭ್ರಮವೆಂದರೆ ಒಂದನ್ನು ಮತ್ತೊಂದೆಂದು ತಿಳಿಯುವುದು, ನಿರಸನವೆಂದರೆ ಆ ತಪ್ಪು ತಿಳಿವಳಿಕೆ ತೊಲಗುವುದು. ವೇದಾಂತಿಗೆ ಅದು ಹಂಬಲಿಸತಕ್ಕ ಸ್ಥಿತಿ, ಕಾವ್ಯದ ಓದುಗನಿಗೆ ನೋವಿನ ಸ್ಥಿತಿ. ಪ್ರೇಮವನ್ನು ಹಾಡಿದ ಕವಿ ತನ್ನ ಮನೆಯಲ್ಲಿ ಆ ಪ್ರೇಮಕ್ಕೆ ತಪ್ಪಿ ನಡೆದನೆಂದು ತಿಳಿದ ದಿನ ಓದುಗನ ಮನಸ್ಸಿನಲ್ಲಿ ಏನೋ ಮುರಿಯುತ್ತದೆ. ಆದರೆ ಮುರಿದದ್ದು ಯಾವುದು, ಪದ್ಯದ ಮೇಲಿನ ವಿಶ್ವಾಸವೋ, ಕವಿಯ ಮೇಲಿನ ಗೌರವವೋ, ಪದ್ಯದ ‘ನಾನು’ ಮತ್ತು ಮನೆಯ ಯಜಮಾನ ಇಬ್ಬರೂ ಒಬ್ಬನೇ ಎಂದು ಓದುಗನು ತಾನೇ ಕಟ್ಟಿಕೊಂಡಿದ್ದ ಎಣಿಕೆಯೋ ಎಂಬುದನ್ನು ಬಿಡಿಸಿ ನೋಡುವವರು ಕಡಿಮೆ. ಗುಜರಾತಿ ಸಾಹಿತ್ಯದಲ್ಲಿ ಈ ಪ್ರಶ್ನೆ ಒಂದೂವರೆ ಶತಮಾನದಿಂದ ಬೇರೆ ಬೇರೆ ರೂಪದಲ್ಲಿ ಎದ್ದು ನಿಂತಿದೆ, ಮತ್ತು ಅದರ ಅತ್ಯಂತ ಕಠಿಣವಾದ ರೂಪ ಸೂರತ್ತಿನ ಕವಿ ನರ್ಮದಾಶಂಕರ ಲಾಲಶಂಕರ ದವೆಯ ಬದುಕಿನಲ್ಲಿದೆ. ಜನರ ಬಾಯಲ್ಲಿ ಅವನು ನರ್ಮದ.

ಈ ಪ್ರಶ್ನೆ ಕನ್ನಡ ಓದುಗನನ್ನು ಹೆಚ್ಚಾಗಿ ಕಾಡುವುದಕ್ಕೆ ಕಾರಣವುಂಟು. ಹನ್ನೆರಡನೆಯ ಶತಮಾನದ ಶರಣರು ನುಡಿಯ ಯೋಗ್ಯತೆಯನ್ನು ನಡೆಯ ಒರೆಗಲ್ಲಿಗೆ ಹಚ್ಚಿ ನೋಡಿದವರು; ವಚನಕಾರನ ಬಾಳನ್ನು ಬದಿಗಿರಿಸಿ ವಚನವನ್ನು ಮಾತ್ರ ಓದುವುದು ಕನ್ನಡಿಗರಿಗೆ ಇಂದಿಗೂ ಒಗ್ಗುವ ಸಂಗತಿಯಲ್ಲ. ಅದೇ ಓದುಗನ ಕೈಗೆ ಸಂಸ್ಕೃತದ ಕಾವ್ಯಮೀಮಾಂಸೆ ಬೇರೊಂದು ಅಳತೆಗೋಲನ್ನು ಕೊಟ್ಟಿದೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಕವಿಯು ನೇರವಾಗಿ ಆಡುವ ಮಾತನ್ನೂ ‘ಕವಿನಿಬದ್ಧವಕ್ತೃ’ವಿನ, ಎಂದರೆ ಕವಿಯು ಕಲ್ಪಿಸಿ ಮಾತಿಗೆ ನಿಲ್ಲಿಸಿದ ಪಾತ್ರದ, ಮಾತನ್ನೂ ಬೇರೆಬೇರೆಯಾಗಿ ಹೆಸರಿಸಿದನು, ಭಟ್ಟನಾಯಕನು ‘ಸಾಧಾರಣೀಕರಣ’ವೆಂಬ ಪರಿಭಾಷೆಯಿಂದ, ಕಾವ್ಯದೊಳಗೆ ಬಂದ ಭಾವವು ಇಂಥವನದು ಎಂಬ ಗುರುತನ್ನು ಕಳೆದುಕೊಂಡು ಎಲ್ಲ ಸಹೃದಯರಿಗೂ ಸಲ್ಲುವಂತಾಗುವುದನ್ನು ವಿವರಿಸಿದನು. ಈ ದಾರಿಯಲ್ಲಿ ಹೋದವನಿಗೆ ಕವಿಯ ಮನೆಯ ವಿಳಾಸ ಬೇಕಾಗುವುದೇ ಇಲ್ಲ. ಹತ್ತನೆಯ ಶತಮಾನದ ರಾಜಶೇಖರ ಮಾತ್ರ ಕವಿಯ ಸ್ವಭಾವ ಹೇಗೋ ಕಾವ್ಯವೂ ಹಾಗೆ ಎಂದು ತಿಳಿದು, ಕವಿಗೆ ಮಾತು, ಮನಸ್ಸು, ಮೈ ಈ ಮೂರರ ಶೌಚವನ್ನೂ ವಿಧಿಸಿದನು. ಶಾಸ್ತ್ರದೊಳಗೇ ಹೀಗೆ ಎರಡು ದನಿಗಳಿವೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಕವಿಯನ್ನು ರಕ್ಷಿಸಹೊರಟವರು ಸಾಮಾನ್ಯವಾಗಿ ಮೊದಲನೆಯ ದನಿಯನ್ನಷ್ಟೇ ಕೇಳಿಸುತ್ತಾರೆ.

ನರ್ಮದನಿಗಿಂತ ಹಿಂದಿನ ತಲೆಮಾರಿನಲ್ಲಿ, ವಡೋದರಾ ಸೀಮೆಯ ದಭೋಯಿಯಲ್ಲಿ ಬಾಳಿದ ದಯಾರಾಮನ (1777–1853) ಪ್ರಸಂಗವು ಮೇಲುನೋಟಕ್ಕೆ ಇದೇ ಜಾತಿಯದು. ನರ್ಮದಾ ನದಿಯ ದಂಡೆಯ ಚಾಣೋದಿನಲ್ಲಿ ಹುಟ್ಟಿ, ಎಳವೆಯಲ್ಲೇ ತಬ್ಬಲಿಯಾಗಿ, ವಲ್ಲಭಾಚಾರ್ಯರು ಸ್ಥಾಪಿಸಿದ ಪುಷ್ಟಿಮಾರ್ಗದಲ್ಲಿ ದೀಕ್ಷೆ ಪಡೆದ ಈ ನಾಗರ ಬ್ರಾಹ್ಮಣನು ರಚಿಸಿದ ‘ಗರಬಿ’ಗಳು, ಎಂದರೆ ಹೆಂಗಸರು ಸುತ್ತುಗಟ್ಟಿ ಚಪ್ಪಾಳೆಯ ಲಯಕ್ಕೆ ಹಾಡಿ ಕುಣಿಯಲು ಒದಗುವ ಕಿರುಹಾಡುಗಳು, ಗುಜರಾತಿನ ಮನೆಮನೆಯಲ್ಲಿ ಉಳಿದುಬಂದಿವೆ. ಅವುಗಳಲ್ಲಿ ಮಾತಾಡುವವಳು ಗೋಪಿ. ಅವಳ ಮುನಿಸು, ಬೇಡಿಕೆ, ಕೊಂಕು ಎಲ್ಲವೂ ಕೃಷ್ಣನನ್ನು ಕುರಿತದ್ದು. ಮದುವೆಯಾಗದೆ ಉಳಿದ ದಯಾರಾಮನ ಮನೆಯಲ್ಲಿ ಅಕ್ಕಸಾಲಿಗರ ಜಾತಿಯ ಬಾಲವಿಧವೆ ರತನಬಾಯಿ ದಶಕಗಳ ಕಾಲ ಇದ್ದಳು, ಅವನ ಮುಪ್ಪಿನ ಕಾಯಿಲೆಯಲ್ಲಿ ಉಪಚರಿಸಿದವಳೂ ಅವಳೇ. ಈ ಸಂಗತಿಯಿಂದ ಕಳವಳಗೊಂಡವರು ಭಕ್ತನೆಂಬ ಬಿರುದು ಕಳಚೀತೆಂದು ಅದನ್ನು ಸೇವೆಯೆಂದು ಕರೆದರು. ಕನ್ಹೈಯಾಲಾಲ್ ಮುನ್ಶಿಯವರಂಥವರು ಭಕ್ತಿಯನ್ನು ಹೊರಹೊದಿಕೆಯೆಂದು ತಿಳಿದು ಅವನನ್ನು ಪ್ರಣಯಕವಿಯೆಂದೇ ಎಣಿಸಿದರು. ಭಕ್ತನೋ ಪ್ರಣಯಿಯೋ ಎಂಬ ಈ ಜಗಳ ಹಲವು ದಶಕ ನಡೆಯಿತು. ವಿಚಾರಮಾಡಿ ನೋಡಿದರೆ ಇಲ್ಲಿ ಬಾಳಿಗೂ ಹಾಡಿಗೂ ವಿರೋಧವೇ ಇಲ್ಲ. ಜಾತಿ ಮೀರಿದ, ವಿಧಿವತ್ತಾದ ಮದುವೆಯಿಲ್ಲದ, ಆದರೂ ಕೊನೆಯ ತನಕ ಬಾಳಿದ ಒಂದು ಒಲವು ಮನೆಯಲ್ಲಿದ್ದಾಗ, ಲೋಕದ ಕಟ್ಟನ್ನು ಮೀರಿ ಬಂದ ಗೋಪಿಯ ಮಾತು ಹಾಡಿನಲ್ಲಿ ಬಂತು. ವಿರೋಧವಿದ್ದದ್ದು ಆ ಬಾಳಿಗೂ ಓದುಗರು ಅಂಟಿಸಿದ ಹಣೆಪಟ್ಟಿಗೂ ನಡುವೆ. ದಯಾರಾಮನ ಕವಿತೆಗಳನ್ನು ಸಂಗ್ರಹಿಸಿ ಅಚ್ಚುಮಾಡಿಸಿದವರಲ್ಲಿ, ಅವನ ಬದುಕಿನ ಸಂಗತಿಗಳನ್ನು ಕಲೆಹಾಕಿ ಬರೆದವರಲ್ಲಿ ನರ್ಮದನೂ ಒಬ್ಬನು ಎಂಬುದು ಗಮನಿಸತಕ್ಕ ವಿಷಯ. ಕವಿಯ ಬಾಳು ಅವನ ಓದುಗರಿಗೆ ಸೇರಿದ್ದು ಎಂಬ ನಂಬಿಕೆಯನ್ನು ಗುಜರಾತಿಗೆ ತಂದವನೇ ಮುಂದೆ ಆ ನಂಬಿಕೆಯ ಕಟಕಟೆಯಲ್ಲಿ ನಿಲ್ಲಬೇಕಾಯಿತು.

ಎರಡನೆಯದು ‘ಕಲಾಪಿ’ಯ ಪ್ರಸಂಗ. ಸೌರಾಷ್ಟ್ರದ ಲಾಠಿ ಎಂಬ ಸಣ್ಣ ಸಂಸ್ಥಾನದ ಅರಸು ಸೂರಸಿಂಹಜೀ ಗೋಹಿಲನು (1874–1900) ನವಿಲು ಎಂಬರ್ಥದ ಈ ಹೆಸರಿನಲ್ಲಿ ಬರೆದನು, ಮತ್ತು ಅವನ ಕವಿತೆಗಳು ಅವನು ತೀರಿಕೊಂಡ ಮೇಲೆ 1903ರಲ್ಲಿ ಗೆಳೆಯನಾದ ಕವಿ ಕಾಂತನ ಮುತುವರ್ಜಿಯಿಂದ ‘ಕೇಕಾರವ’ವೆಂಬ, ನವಿಲಿನ ಕೂಗು ಎಂದು ಕನ್ನಡಿಗರಿಗೂ ಹೇಳಬೇಕಿಲ್ಲದ, ಹೆಸರಿನಿಂದ ಪ್ರಕಟವಾದವು. ಹದಿನೈದರ ಹರೆಯದಲ್ಲಿ, 1889ರಲ್ಲಿ, ಅವನಿಗೆ ಇಬ್ಬರು ರಾಜಕುಮಾರಿಯರೊಡನೆ ಮದುವೆಯಾಯಿತು. ಹಿರಿಯಳಾದ ರಮಾಬಾ ವಯಸ್ಸಿನಲ್ಲಿ ಅವನಿಗಿಂತ ಸುಮಾರು ಎಂಟು ವರ್ಷ ದೊಡ್ಡವಳು. ಅವಳ ಪರಿವಾರದೊಡನೆ ಬಂದ ಮೋಂಘೀ ಎಂಬ ದಾಸಿಯ ಹುಡುಗಿ ಆಗ ಏಳೆಂಟು ವರ್ಷದ ಮಗು. ಅರಸು ಅವಳಿಗೆ ಓದುಬರಹ ಕಲಿಸಿದನು, ಶೋಭನಾ ಎಂದು ಹೆಸರಿಟ್ಟನು, ಅವಳು ಬೆಳೆದ ಮೇಲೆ ಅವಳನ್ನೇ ಪ್ರೀತಿಸಿದನು. ರಮಾಬಾ ಅವಳನ್ನು ಸ್ವಜಾತಿಯವನೊಬ್ಬನಿಗೆ ಕೊಟ್ಟು ಮದುವೆ ಮಾಡಿಸಿದಳು. ಕೊನೆಗೆ 1898ರಲ್ಲಿ ಕಲಾಪಿ ಶೋಭನಾಳನ್ನು ಮದುವೆಯಾದನು, ಎರಡು ವರ್ಷದೊಳಗೆ, ಇಪ್ಪತ್ತಾರರ ಪ್ರಾಯದಲ್ಲಿ, ತೀರಿಕೊಂಡನು. ಗುಜರಾತಿನ ತರುಣರು ಮೂರು ತಲೆಮಾರು ಈ ಕಥೆಗೆ ಕಣ್ಣೀರಿಟ್ಟಿದ್ದಾರೆ. ಕಲಾಪಿ ಯಾವುದನ್ನೂ ಮುಚ್ಚಿಡಲಿಲ್ಲ, ಮೂರು ಹೃದಯಗಳ ತೊಡಕನ್ನೇ ಕವಿತೆಯ ವಸ್ತುವಾಗಿಸಿದನು, ಆದ್ದರಿಂದ ಅವನ ಮೇಲೆ ಸುಳ್ಳಿನ ಆಪಾದನೆ ನಿಲ್ಲುವುದಿಲ್ಲ. ಆದರೂ ಇಂದಿನ ಓದುಗನು ಆ ಏಳು ವರ್ಷದ ದಾಸಿಯನ್ನು ನೆನೆದಾಗ ಬೇರೊಂದು ಬಗೆಯ ಕಸಿವಿಸಿಗೆ ಒಳಗಾಗುತ್ತಾನೆ. ಅರಸನ ಒಲವನ್ನು ಒಲ್ಲೆನೆನ್ನುವ ಬಿಡುಬೀಸು ಅವಳಿಗಿತ್ತೇ ಎಂಬ ಪ್ರಶ್ನೆಯನ್ನು ಕವಿತೆಯೊಳಗಿನ ಕಣ್ಣೀರು ಕೇಳಗೊಡುವುದಿಲ್ಲ.

ಕಲಾಪಿಯ ಸಮಕಾಲೀನನಾದ ಕನ್ನಡದ ಮುದ್ದಣನನ್ನು (1870–1901) ಇಲ್ಲಿ ಪಕ್ಕದಲ್ಲಿ ನಿಲ್ಲಿಸಿ ನೋಡುವುದು ಉಚಿತ. ‘ರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಗಂಡ ಮತ್ತು ಕೇಳುವ ಮನೋರಮೆಯರ ಸರಸವನ್ನು ಓದಿದ ಕನ್ನಡಿಗರು ಒಂದು ಬೆಚ್ಚನೆಯ ಮನೆಯನ್ನು ಕಲ್ಪಿಸಿಕೊಂಡರು, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ಮುದ್ದಣನ, ಎಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪನ, ನಿಜವಾದ ಮನೆಯಲ್ಲಿ ಬಡತನವಿತ್ತು, ಕ್ಷಯವಿತ್ತು, ಕಮಲಾಬಾಯಿ ಎಂಬ ಹೆಂಡತಿಯಿದ್ದಳು. ಕಾವ್ಯಕ್ಕೂ ಬದುಕಿಗೂ ಹೊಂದಿಕೆಯಿಲ್ಲವೆಂದು ತಿಳಿದಾಗ ಕನ್ನಡ ಓದುಗನು ಮುದ್ದಣನನ್ನು ದೂರಲಿಲ್ಲ, ಅವನಿಗಾಗಿ ಮರುಗಿದನು. ಬಾಳು ಕಾವ್ಯಕ್ಕಿಂತ ಭಿನ್ನವಾಗಿರುವುದು ಒಂದು, ಬಾಳು ಕಾವ್ಯಕ್ಕೆ ದ್ರೋಹ ಬಗೆಯುವುದು ಇನ್ನೊಂದು. ಮೊದಲನೆಯದರಲ್ಲಿ ನೋಯುವವನು ಕವಿ. ಎರಡನೆಯದರಲ್ಲಿ ನೋಯುವವರು ಬೇರೆ ಯಾರೋ, ಸಾಮಾನ್ಯವಾಗಿ ಒಬ್ಬ ಹೆಂಗಸು.

ನರ್ಮದನ ವಿಷಯದಲ್ಲಿ ಈ ಭೇದವೇ ಮುಖ್ಯವಾದದ್ದು. ಅವನು 1833ರ ಆಗಸ್ಟ್ 24ರಂದು ಸೂರತ್ತಿನ ಆಮ್ಲೀರಾನ್ ಎಂಬ ಓಣಿಯಲ್ಲಿ, ನಾಗರ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದನು. ಸೂರತ್ತು ಕನ್ನಡಿಗರಿಗೆ ತೀರ ಅಪರಿಚಿತವಾದ ಊರಲ್ಲ; ಅದು ಹಿಂದಿನ ಲಾಟದೇಶದ ಭಾಗ, ಮಾನ್ಯಖೇಟದ ರಾಷ್ಟ್ರಕೂಟರ ಒಂದು ಶಾಖೆ ಅಲ್ಲಿ ಆಳಿತು, ಬಾಲಕನಾಗಿದ್ದ ನೃಪತುಂಗನ ಸಿಂಹಾಸನವನ್ನು ಕಾಯ್ದುಕೊಟ್ಟವನು ಆ ಶಾಖೆಯ ಕರ್ಕನೇ. ನರ್ಮದನ ತಂದೆ ಮುಂಬಯಿಯಲ್ಲಿ ಬರಹಗಾರಿಕೆಯಿಂದ ಜೀವಿಸುತ್ತಿದ್ದರು. ಮಗನು ಎರಡೂ ಊರುಗಳ ನಡುವೆ ಓಡಾಡುತ್ತ ಬೆಳೆದನು, ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಓದಿದನು, ಛಂದಸ್ಸನ್ನು ಕಲಿಸುವ ಗುರು ಸಿಗದಿದ್ದಾಗ ಒಬ್ಬ ಗಾರೆಕೆಲಸದವನ ಬಳಿಯಿದ್ದ ಹಸ್ತಪ್ರತಿಯನ್ನು ಕೂತು ನಕಲು ಮಾಡಿಕೊಂಡನು. 1858ರ ನವೆಂಬರಿನಲ್ಲಿ ಮುಂಬಯಿಯ ಶಾಲಾಮಾಸ್ತರಿಕೆಯನ್ನು ಬಿಟ್ಟು, ಲೇಖನಿಯನ್ನೇ ತಾಯಿಯಾಗಿ ಭಾವಿಸಿ ಇನ್ನು ಅದರ ಮಡಿಲಲ್ಲೇ ಬದುಕುವುದಾಗಿ ಕಣ್ಣೀರಿನೊಡನೆ ಸಂಕಲ್ಪ ಮಾಡಿದ ಅವನ ಕ್ಷಣವನ್ನು ಗುಜರಾತಿನ ಶಾಲಾಮಕ್ಕಳೂ ಬಲ್ಲರು.

ಅವನು ತನ್ನ ಕಾವ್ಯಕ್ಕೂ ಬಾಳಿಗೂ ಆರಿಸಿಕೊಂಡ ಧ್ಯೇಯವಾಕ್ಯ ‘ಪ್ರೇಮಶೌರ್ಯ’. ಈ ಸಮಾಸವನ್ನು ಸ್ವಲ್ಪ ಬಿಡಿಸಬೇಕು. ಅವನಿಗಿಂತ ಮೊದಲು ಗುಜರಾತಿ ಕಾವ್ಯದಲ್ಲಿ ಪ್ರೇಮವು ಬಹುಮಟ್ಟಿಗೆ ರಾಧಾಕೃಷ್ಣರದು ಅಥವಾ ಕಥೆಯ ನಾಯಕನಾಯಿಕೆಯರದು. ನರ್ಮದನು ಅದನ್ನು ಬದುಕಿರುವ ಒಬ್ಬ ಗಂಡಸಿನ ಸ್ವಂತ ಅನುಭವವಾಗಿ, ಸ್ವಂತ ಹೆಸರಿನಲ್ಲಿ ಹೇಳಿದನು. ಅದಕ್ಕೆ ಶೌರ್ಯವನ್ನು ಜೋಡಿಸಿದ್ದರ ಅರ್ಥ, ಹಾಗೆ ಒಲಿಯುವುದಕ್ಕೆ ಜಾತಿಯನ್ನೂ ಗುರುಪೀಠವನ್ನೂ ಎದುರಿಸುವ ಎದೆಗಾರಿಕೆ ಬೇಕು ಎಂಬುದು. ಆ ಎದೆಗಾರಿಕೆಯನ್ನು ಅವನು ತೋರಿಸಿದನೂ ಹೌದು. ವಿಧವಾವಿವಾಹವನ್ನು ಸಮ್ಮತಗೊಳಿಸಿದ ಕಾನೂನು 1856ರಲ್ಲಿ ಬಂದರೂ ಮನೆಗಳು ಅದನ್ನು ಒಪ್ಪದಿದ್ದಾಗ, 1860ರಲ್ಲಿ ಅವನು ಪುಷ್ಟಿಮಾರ್ಗದ ಗುರು ಜದುನಾಥಜೀ ಮಹಾರಾಜರನ್ನು ಮುಂಬಯಿಯಲ್ಲಿ ಬಹಿರಂಗವಾಗಿ ಈ ವಿಷಯದಲ್ಲಿ ಎದುರಿಸಿದನು. ಅದೇ ಗುರುವಿನ ನಡತೆಯನ್ನು ಕುರಿತು ಪತ್ರಕರ್ತ ಕರಸನದಾಸ ಮೂಲಜಿ ಬರೆದದ್ದರಿಂದ 1862ರಲ್ಲಿ ನಡೆದ ಮಾನಹಾನಿ ಮೊಕದ್ದಮೆಯು, ಕೃಷ್ಣಪ್ರೇಮವನ್ನು ಬೋಧಿಸುವವರ ನಡೆ ಹೇಗಿರಬೇಕೆಂಬ ಪ್ರಶ್ನೆಯನ್ನೇ ನ್ಯಾಯಾಲಯಕ್ಕೆ ತಂದಿತು. ನರ್ಮದನು ಇದ್ದದ್ದು ನುಡಿನಡೆಗಳ ಲೆಕ್ಕ ಕೇಳುವವರ ಗುಂಪಿನಲ್ಲಿ. 1864ರ ಸೆಪ್ಟೆಂಬರಿನಲ್ಲಿ ಅವನು ಆರಂಭಿಸಿದ ‘ಡಾಂಡಿಯೋ’ ಪತ್ರಿಕೆ, ರಾತ್ರಿ ಡಂಗುರದ ಕೋಲು ಬಡಿದು ಊರನ್ನೆಬ್ಬಿಸುವ ಕಾವಲುಗಾರನ ಹೆಸರನ್ನು ಹೊತ್ತದ್ದು, ಪರರ ಕಪಟವನ್ನು ಬಯಲಿಗೆಳೆಯುವುದನ್ನೇ ಕಸುಬು ಮಾಡಿಕೊಂಡಿತ್ತು. ವೈಧವ್ಯದ ದುಃಖವನ್ನು ಅವನು ಪದ್ಯದಲ್ಲಿ ಚಿತ್ರಿಸಿದನು, ಸ್ವಜಾತಿಯ ವಿಧವೆಯೊಬ್ಬಳಿಗೆ ಆಶ್ರಯ ಕೊಟ್ಟು ಬಂಧುಗಳ ಬಹಿಷ್ಕಾರವನ್ನು ಉಂಡನು.

ಇಷ್ಟನ್ನೂ ಮನಸ್ಸಿಗೆ ತಂದುಕೊಂಡ ಬಳಿಕ ಮನೆಯೊಳಗೆ ನೋಡಬೇಕು. ಮೊದಲ ಹೆಂಡತಿ 1853ರಲ್ಲಿ ತೀರಿಕೊಂಡ ಮೇಲೆ 1856ರಲ್ಲಿ ಅವನು ಡಾಹೀಗೌರಿಯನ್ನು ಮದುವೆಯಾದನು. ಕೆಲಸ ಬಿಟ್ಟ ದಿನದ ಸಂಕಲ್ಪವೂ ಆಮೇಲೆ ಏರಿದ ಸಾಲವೂ ಜಾತಿಯ ಮುನಿಸೂ ಅವಳ ಸಂಸಾರದ ಮೇಲೆಯೇ ಬಿದ್ದವು. 1869–70ರ ಹೊತ್ತಿಗೆ, ಡಾಹೀಗೌರಿ ಮನೆಯಲ್ಲಿರುವಾಗಲೇ, ಅವನು ನರ್ಮದಾಗೌರಿ ಎಂಬ ನಾಗರ ವಿಧವೆಯನ್ನು ಮದುವೆಯಾದನು, ಮತ್ತು ಅವಳಲ್ಲಿ ಅವನಿಗೆ ಜಯಶಂಕರನೆಂಬ ಮಗ ಹುಟ್ಟಿದನು. ಆ ಕಾಲದ ಕಾನೂನಿನಲ್ಲಿ ಇದು ತಪ್ಪಲ್ಲ. ಹಿಂದೂ ಗಂಡಸಿನ ಬಹುಪತ್ನೀತ್ವವನ್ನು ಮುಂಬಯಿ ಪ್ರಾಂತದಲ್ಲಿ ನಿಷೇಧಿಸಿದ ಕಾಯಿದೆ ಬಂದದ್ದು 1946ರಲ್ಲಿ, ಇಡೀ ದೇಶಕ್ಕೆ ಸಲ್ಲುವ ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಸುಧಾರಕರ ಲೆಕ್ಕದಲ್ಲಿ ಇದು ಪುಣ್ಯದ ಕೆಲಸವೂ ಹೌದು, ಏಕೆಂದರೆ ವಿಧವಾವಿವಾಹ ಆಗಲೇಬೇಕೆಂದು ಭಾಷಣ ಮಾಡಿದ ಎಷ್ಟೋ ಮಂದಿ ತಾವು ವಿಧವೆಯ ಕೈ ಹಿಡಿಯಲಿಲ್ಲ, ನರ್ಮದನು ಹಿಡಿದನು. ಆದ್ದರಿಂದಲೇ ಅವನ ಪ್ರಸಂಗ ಬಲು ತೊಡಕಿನದು. ಒಂದೇ ಕೃತ್ಯದಲ್ಲಿ ಅವನು ತನ್ನ ನುಡಿಯನ್ನು ನಡೆಸಿಯೂ ತೋರಿದನು, ಮುರಿದೂ ಹಾಕಿದನು: ವಿಧವೆಯೊಬ್ಬಳಿಗೆ ಕೊಟ್ಟ ಬಾಳನ್ನು ಹೆಂಡತಿಯೊಬ್ಬಳ ಬಾಳಿನಿಂದ ಕತ್ತರಿಸಿ ಕೊಟ್ಟನು. ಶೌರ್ಯವನ್ನು ತೋರಿಸಿದವನು ಅವನಾದರೂ ಅದರ ಬೆಲೆಯನ್ನು ತೆತ್ತವಳು, ಆ ಶೌರ್ಯದಲ್ಲಿ ಪಾಲಿಲ್ಲದ, ಡಾಹೀಗೌರಿ.

ನರ್ಮದನ ಪಕ್ಷವನ್ನು ವಹಿಸುವವರು ಇಲ್ಲಿ ಆನಂದವರ್ಧನನ ಭೇದವನ್ನು ತರುವುದುಂಟು: ಪದ್ಯದ ಪ್ರೇಮಿ ಕವಿನಿಬದ್ಧನಾದ ವಕ್ತೃ, ಅವನನ್ನು ಆಮ್ಲೀರಾನಿನ ಗೃಹಸ್ಥನೊಡನೆ ಬೆರೆಸಬಾರದು. ದಯಾರಾಮನ ಗೋಪಿಗೆ, ಮುದ್ದಣನ ಮನೋರಮೆಗೆ ಈ ವಾದ ಚೆನ್ನಾಗಿ ಹೊಂದುತ್ತದೆ, ನರ್ಮದನಿಗೆ ಹೊಂದುವುದಿಲ್ಲ. ಪ್ರೇಮಶೌರ್ಯವನ್ನು ಅವನು ಪಾತ್ರದ ಬಾಯಲ್ಲಿ ಇಡಲಿಲ್ಲ, ತನ್ನ ಬಿರುದಾಗಿ ಧರಿಸಿ ಅದರ ಹೆಸರಿನಲ್ಲಿ ಜನರನ್ನು ಕರೆದನು, ಬೇರೆಯವರ ಮನೆಯ ಬಾಗಿಲನ್ನು ಅದರ ಹೆಸರಿನಲ್ಲೇ ತಟ್ಟಿದನು. ಕಾವ್ಯದ ವಕ್ತೃವೂ ಸಭೆಯ ವಕ್ತಾರನೂ ಒಬ್ಬನೇ ಎಂದು ಕವಿಯೇ ಸಾರಿದ ಮೇಲೆ, ಅನುಕೂಲವಿಲ್ಲದಾಗ ಅವರನ್ನು ಬೇರ್ಪಡಿಸುವ ಹಕ್ಕು ವಿಮರ್ಶಕನಿಗೆ ಉಳಿಯದು.

ಹಾಗೆಂದು ಅವನನ್ನು ಕಪಟಿಯೆಂದು ಕೈಬಿಡುವುದೂ ನ್ಯಾಯವಲ್ಲ, ಅದಕ್ಕೆ ಅವನೇ ಬಿಟ್ಟುಹೋದ ಕಾಗದಪತ್ರಗಳು ಸಾಕ್ಷಿ. 1866ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಅವನು ‘ಮಾರೀ ಹಕೀಕತ್’ ಎಂಬ ಆತ್ಮಕಥೆಯನ್ನು ಬರೆದು ಕೆಲವೇ ಪ್ರತಿಗಳನ್ನು ಆಪ್ತರಿಗಾಗಿ ಅಚ್ಚುಹಾಕಿಸಿದನು. ಹೇಳುವುದು ಸರಿಯಲ್ಲವೆನಿಸಿದ್ದನ್ನು ಬರೆಯುವುದಿಲ್ಲ, ಆದರೆ ಬರೆದದ್ದೆಲ್ಲ ತನಗೆ ಒಳ್ಳೆಯದಾಗಲಿ ಕೆಡುಕಾಗಲಿ ತಾನು ಬಲ್ಲಂತೆ ನಿಜವೇ ಆಗಿರುತ್ತದೆ ಎಂಬುದು ಅವನು ಅದರ ಮೊದಲಲ್ಲಿ ಹಾಕಿಕೊಂಡ ಕಟ್ಟಳೆ. ಮೌನಕ್ಕೂ ಸತ್ಯಕ್ಕೂ ಒಂದೇ ವಾಕ್ಯದಲ್ಲಿ ಜಾಗ ಕೊಟ್ಟ ಈ ಕಟ್ಟಳೆಯನ್ನು ಎಚ್ಚರದಿಂದ ಓದಬೇಕು. ಓದುಗರ ಕೈಗೆ ಅದು ಬಹಿರಂಗವಾಗಿ ಬಂದದ್ದು ಅವನ ಜನ್ಮಶತಾಬ್ದಿಯ ವರ್ಷವಾದ 1933ರಲ್ಲಿ. ಆತ್ಮಕಥೆಯ ಮುಂದಿನ ವರ್ಷಗಳಿಗೆ ಸೇರಿದ ಟಿಪ್ಪಣಿಗಳೂ ಪತ್ರಗಳೂ ‘ಉತ್ತರ ನರ್ಮದಚರಿತ್ರ’ ಎಂದು 1939ರಲ್ಲಿ, ಅವನು ಸತ್ತ ಐವತ್ತಮೂರು ವರ್ಷಗಳ ಮೇಲೆ, ಹೊರಬಂದವು. ಮನೆಯ ಕಷ್ಟವನ್ನೂ ಇಬ್ಬರು ಹೆಂಗಸರ ನಡುವಿನ ಏರ್ಪಾಡನ್ನೂ ಆ ಕುರಿತು ಡಾಹೀಗೌರಿಯೊಡನೆ ನಡೆದ ಮಾತನ್ನೂ ತಿಳಿಯುವುದು ಈ ಬಗೆಯ ಅವನ ಖಾಸಗಿ ಬರಹಗಳಿಂದಲೇ. ಅವುಗಳನ್ನು ಸುಟ್ಟುಹಾಕುವುದು ಅವನಿಗೆ ಕಷ್ಟವೇನೂ ಇರಲಿಲ್ಲ. ತನ್ನ ಮೇಲೆ ಮುಂದೆ ಹೂಡಬಹುದಾದ ಮೊಕದ್ದಮೆಗೆ ಬೇಕಾದ ದಾಖಲೆಯನ್ನು ತಾನೇ ಜೋಪಾನ ಮಾಡಿಟ್ಟ ಕವಿ ಭಾರತೀಯ ಭಾಷೆಗಳಲ್ಲಿ ಅಪರೂಪ. ಆದರೆ ಲೇಖನಿ ಹಿಡಿದಿದ್ದ ಕೈ ಅವನದು. ಡಾಹೀಗೌರಿಯ ಮಾತು ಇಂದು ಕೇಳಿಸುವುದಾದರೆ ಅವನು ಬರೆದುಕೊಂಡ ಮಟ್ಟಿಗೆ ಮಾತ್ರ ಕೇಳಿಸುತ್ತದೆ. ಒಪ್ಪಿಗೆಯೆಂದು ಅಲ್ಲಿ ಕಾಣುವುದು ಒಪ್ಪಿಗೆಯೋ, ಬೇರೆ ದಾರಿಯಿಲ್ಲದವಳ ಸೈರಣೆಯೋ ಎಂಬುದನ್ನು ತೀರ್ಮಾನಿಸಲು ಆ ಕಾಗದಗಳು ಸಾಲವು, ಮತ್ತು ಸಾಲವೆಂಬುದನ್ನು ಓದುಗನು ಮರೆಯಬಾರದು.

ನರ್ಮದನ ಕೊನೆಯ ವರ್ಷಗಳನ್ನು ಕುರಿತ ನಿರಾಸೆ ಇನ್ನೊಂದು ಬಗೆಯದು. ಸುಧಾರಣೆಯ ಹಲವು ಮಾತುಗಳನ್ನು ಅವನು ಕ್ರಮೇಣ ಹಿಂತೆಗೆದುಕೊಂಡನು, ಪುರಾತನ ಆರ್ಯಧರ್ಮದ ಕಡೆಗೆ ತಿರುಗಿದನು, ಆ ವಿಚಾರಗಳು 1885ರ ‘ಧರ್ಮವಿಚಾರ’ದಲ್ಲಿ ಸಂಗ್ರಹವಾದವು. 1858ರ ಸಂಕಲ್ಪವನ್ನು ಇಪ್ಪತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದವನು 1882ರಲ್ಲಿ ಸಾಲದ ಒತ್ತಡಕ್ಕೆ ಮಣಿದು ಮುಂಬಯಿಯ ಗೋಕುಲದಾಸ ತೇಜಪಾಲ ಧರ್ಮಖಾತೆಯಲ್ಲಿ ಕೆಲಸಕ್ಕೆ ಸೇರಿದನು. ಆ ನೋವಿನಿಂದ ಅವನು ಚೇತರಿಸಿಕೊಳ್ಳಲಿಲ್ಲ, 1886ರ ಫೆಬ್ರುವರಿಯಲ್ಲಿ ತೀರಿಕೊಂಡನು. ಸಮಕಾಲೀನರು ಹೆಚ್ಚಾಗಿ ಜರೆದದ್ದು ಅವನ ಈ ಅಭಿಪ್ರಾಯ ಬದಲಾವಣೆಯನ್ನು. ಆದರೆ ಮನುಷ್ಯನು ಅಭಿಪ್ರಾಯವನ್ನು ಬದಲಿಸಿ, ಬದಲಿಸಿದ್ದೇನೆಂದು ಸ್ವಂತ ಹೆಸರಿನಲ್ಲಿ ಅಚ್ಚುಹಾಕಿಸುವುದು ದ್ರೋಹವಲ್ಲ; ಅದಕ್ಕೂ ಒಂದು ಶೌರ್ಯ ಬೇಕು. ಹಸಿವಿಗಾಗಿ ನೌಕರಿ ಹಿಡಿಯುವುದಂತೂ ಯಾರೂ ಕ್ಷಮಿಸಬೇಕಾದ ತಪ್ಪೇ ಅಲ್ಲ. ಇಲ್ಲಿ ನೋಯಿಸುವ ಸಂಗತಿ ಬೇರೆ: ಸುಧಾರಣೆಯ ಭರವಸೆಯ ಮೇಲೆ ತವರನ್ನೂ ಜಾತಿಯನ್ನೂ ತೊರೆದು ಬಂದ ನರ್ಮದಾಗೌರಿ, ಆ ಸುಧಾರಣೆಯನ್ನು ಅವನು ಪ್ರಶ್ನಿಸಿ ಬರೆಯುತ್ತಿದ್ದ ದಿನಗಳಲ್ಲಿಯೂ ಅವನ ಹೆಂಡತಿಯಾಗಿಯೇ ಇದ್ದಳು. ಕವಿಗೆ ಹಿಂದಿರುಗಲು ಹಳೆಯ ಧರ್ಮವಿತ್ತು. ಅವಳಿಗೆ ಹಿಂದಿರುಗಲು ಮನೆಯಿರಲಿಲ್ಲ.

ಬಾಳೂ ಹಾಡೂ ಒಂದೇ ಆದ ಕವಿಯೂ ಗುಜರಾತಿನಲ್ಲಿ ಇದ್ದನು. ಅಹಮದಾಬಾದಿನ ನ್ಹಾನಾಲಾಲ (1877–1946), ಕವೀಶ್ವರ ದಲಪತರಾಮನ ಮಗ, ದಾಂಪತ್ಯವನ್ನು ಆತ್ಮಗಳ ಲಗ್ನವೆಂದು ಹಾಡಿದನು, ಪತ್ನಿ ಮಾಣೆಕಬಾಳನ್ನು ‘ಕುಲಯೋಗಿನಿ’ಯೆಂದು ಕವಿತೆಯಲ್ಲಿ ಗೌರವಿಸಿದನು, ಹಾಗೆಯೇ ಬಾಳಿದನು. ಕನ್ನಡದಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ 1942ರ ‘ಮೈಸೂರು ಮಲ್ಲಿಗೆ’ಯನ್ನು ಓದಿದವರಿಗೆ ಪತ್ನಿ ವೆಂಕಮ್ಮನವರ ಜೊತೆಗಿನ ಅವರ ಬಾಳು ಕೊಟ್ಟ ಸಮಾಧಾನ ಅದೇ ಜಾತಿಯದು. ಆದರೆ ನ್ಹಾನಾಲಾಲನ ಕೆಲವು ಕವಿತೆಗಳು ಇಂದು ಆದರ್ಶದ ಭಾರದಿಂದ ಮುಂದೆ ಸಾಗಲಾರವು, ನರ್ಮದನ ಒರಟು ಪದ್ಯದಲ್ಲಿ ಇನ್ನೂ ಬಿಸಿಯಿದೆ. ನಡೆ ಶುದ್ಧವಾದ ಮಾತ್ರಕ್ಕೆ ನುಡಿ ಬಲವಾಗುವುದಿಲ್ಲ ಎಂಬ ಅಪ್ರಿಯ ಸಂಗತಿಯನ್ನು ರಾಜಶೇಖರನ ಅನುಯಾಯಿಗಳೂ ಒಪ್ಪಿಕೊಳ್ಳಬೇಕಾಗುತ್ತದೆ. ದ. ರಾ. ಬೇಂದ್ರೆಯವರ ‘ಸಖೀಗೀತ’ ಬೇರೆಯೇ ದಾರಿ ಹಿಡಿಯಿತು. ಸಂಸಾರದ ಕಹಿಯನ್ನೂ ಸಾವುನೋವನ್ನೂ ಒಲವಿನ ಮಾತಿನೊಳಗೇ ಬರಮಾಡಿಕೊಂಡದ್ದರಿಂದ ಆ ಕಾವ್ಯದ ಬೆನ್ನ ಹಿಂದೆ ಹೋಗಿ ಬಯಲುಮಾಡಲು ಯಾವ ಗುಟ್ಟೂ ಉಳಿಯಲಿಲ್ಲ.

ಸ್ವಾತಂತ್ರ್ಯಾನಂತರ ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಸುರೇಶ ಜೋಶಿಯವರು (1921–1986) ಗುಜರಾತಿ ವಿಮರ್ಶೆಯನ್ನು ಕವಿಚರಿತ್ರೆಯಿಂದ ಬಿಡಿಸಿ ಕೃತಿಯ ರೂಪದ ಕಡೆಗೆ ತಿರುಗಿಸಿದರು. ಅದೇ ರೈಲುದಾರಿಯಲ್ಲಿ ಸ್ವಲ್ಪ ಮೇಲೆ, ಆಣಂದದ ಬಳಿಯ ವಲ್ಲಭ ವಿದ್ಯಾನಗರದಲ್ಲಿ, ಗದುಗಿನ ಕೀರ್ತಿನಾಥ ಕುರ್ತಕೋಟಿಯವರು ಇಂಗ್ಲಿಷ್ ಪಾಠ ಹೇಳುತ್ತ ಬೇಂದ್ರೆಯವರ ಕವಿತೆಯ ಅರ್ಥವನ್ನು ಕನ್ನಡಿಗರಿಗೆ ತೆರೆದು ಕೊಡುತ್ತಿದ್ದರು. ಕವಿಯ ಖಾಸಗಿ ಬದುಕಿನ ಇಣುಕಾಟವನ್ನು ವಿಮರ್ಶೆಯೆಂದು ತಿಳಿಯಬಾರದೆಂಬ ಎಚ್ಚರ ಆ ತಲೆಮಾರಿನ ದೊಡ್ಡ ಗಳಿಕೆ, ಅದನ್ನು ಕಳೆದುಕೊಳ್ಳಬಾರದು. ಆದರೆ ಇಣುಕಾಟ ಬೇರೆ, ಕೇಳಿಸಿಕೊಳ್ಳುವುದು ಬೇರೆ. ನರ್ಮದನ ಕುರಿತ ನಿರಾಸೆಯನ್ನು ಓದುಗನು ತನ್ನ ಮನನೋಯಿತೆಂಬ ಕಾರಣಕ್ಕೆ ಹೇಳಿಕೊಂಡರೆ ಅದು ಓದುಗನ ಅಭಿಮಾನದ ಪ್ರಶ್ನೆ ಮಾತ್ರ. ಡಾಹೀಗೌರಿಯ ಪರವಾಗಿ ಹೇಳಿದರೆ ಅದು ಕಾವ್ಯದ ಪ್ರಶ್ನೆಯೇ ಆಗುತ್ತದೆ. ಏಕೆಂದರೆ ಹೆಣ್ಣಿನ ಒಲವನ್ನೂ ದುಃಖವನ್ನೂ ಗಂಡಸಿನದಷ್ಟೇ ನಿಜವೆಂದು ಎಣಿಸಬೇಕೆಂಬ ಅಳತೆಯನ್ನು ಗುಜರಾತಿಗೆ ಕಲಿಸಿದ್ದು ನರ್ಮದನ ಪದ್ಯವೇ. ಆ ಪದ್ಯ ಹುಟ್ಟದೆ ಹೋಗಿದ್ದರೆ ಇಬ್ಬರು ಹೆಂಡಿರ ಮನೆಯಲ್ಲಿ ಯಾರಿಗೂ ಯಾವ ತಪ್ಪೂ ಕಾಣುತ್ತಿರಲಿಲ್ಲ, ನೆರೆಹೊರೆಯ ನೂರು ಮನೆಗಳಲ್ಲಿ ಕಾಣದಂತೆ. ಕವಿಯನ್ನು ತಪ್ಪಿತಸ್ಥನನ್ನಾಗಿ ಮಾಡುವ ಕಾನೂನು ಅವನ ಕವಿತೆಯೊಳಗೇ ಇರುವುದರಿಂದ, ಕವಿ ಸೋತಲ್ಲಿ ಕವಿತೆ ಸೋಲಲಿಲ್ಲ.

ಇಂದು ಆಮ್ಲೀರಾನಿನ ಮನೆ ಸ್ಮಾರಕವಾಗಿದೆ. ಸೂರತ್ತಿನ ವಿಶ್ವವಿದ್ಯಾಲಯ 2004ರಿಂದ ವೀರ ನರ್ಮದನ ಹೆಸರನ್ನು ಧರಿಸಿದೆ, ಅವನ ಹುಟ್ಟಿದ ದಿನವನ್ನು ಗುಜರಾತಿ ಭಾಷೆಯ ದಿನವಾಗಿ ಆಚರಿಸುತ್ತಾರೆ, 1873ರ ಅವನ ‘ನರ್ಮಕೋಶ’ದ ಜೊತೆಗೆ ಬಂದ ನಾಡಗೀತೆಯನ್ನು ಸರಕಾರಿ ಸಮಾರಂಭಗಳಲ್ಲಿ ಹಾಡುತ್ತಾರೆ; ಇದೆಲ್ಲ ಅವನಿಗೆ ಸಲ್ಲತಕ್ಕ ಗೌರವವೇ ಸರಿ. ಅವನ ಕವಿತೆಗಳ ಒಂದು ಒಳ್ಳೆಯ ಆಯ್ಕೆ ಕನ್ನಡಕ್ಕೆ ಬರಬೇಕು. ಬರುವುದಾದರೆ ಅನುವಾದಕರು ಪ್ರೇಮಶೌರ್ಯದ ಪದ್ಯಗಳನ್ನು ಮಾತ್ರ ಆರಿಸಿಕೊಂಡು ಬರಬಾರದು. ‘ಉತ್ತರ ನರ್ಮದಚರಿತ್ರ’ದ ಪುಟಗಳನ್ನೂ ಅವುಗಳ ಎದುರುಪುಟದಲ್ಲಿಯೇ ಅಚ್ಚುಹಾಕಿಸಬೇಕು, ಡಾಹೀಗೌರಿ ಮತ್ತು ನರ್ಮದಾಗೌರಿ ಇಬ್ಬರ ಹೆಸರೂ ಅಡಿಟಿಪ್ಪಣಿಗೆ ಇಳಿಯದೆ ಪದ್ಯದಷ್ಟೇ ದಪ್ಪ ಅಕ್ಷರದಲ್ಲಿ ಬರಬೇಕು.